ಬೆಳಿಗ್ಗೆ ಮಿಸ್ಸಿಂಗ್, ಘಾಟಿಯಲ್ಲಿ ನಾಕಿಂಗ್: ಮಾರ್ಪಾಡು ಮಾಡಿಸಿದ ಡೀಸೆಲ್ ಪಿಕಪ್‌ನ ಇಂಜಿನ್ ಇಳಿಸಲೇಬೇಕೇ?

ತೋಟದ ಪಿಕಪ್ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಡಬಲ್ ಕ್ಯಾಬ್ ಪಿಕಪ್. 2.5 ಲೀಟರಿನ ನಾಲ್ಕು ಸಿಲಿಂಡರ್ ಕಾಮನ್ ರೈಲ್ (ರೈಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಹೋಗುವ) ಡೀಸೆಲ್ ಇಂಜಿನ್, ಈವರೆಗೆ 1,38,000 ಕಿಲೋಮೀಟರ್ ಓಡಿದೆ. ಒಂದೂವರೆ ವರ್ಷದ ಹಿಂದೆ ಇದಕ್ಕೆ ಟ್ಯೂನಿಂಗ್ ಬಾಕ್ಸ್ (ಇಂಜಿನ್ ಶಕ್ತಿ ಹೆಚ್ಚಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿಸಿದೆ. ಅದೇ ಸಲ ಇಜಿಆರ್ (ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ಮರಳಿಸುವ) ದಾರಿಗೆ ತಗಡು ಹಾಕಿ ಮುಚ್ಚಿಸಿ, ಮೂರು ಇಂಚಿನ ಸೈಲೆನ್ಸರ್ ಪೈಪು, ಗಾಡಿಯ ಎತ್ತರ ಹೆಚ್ಚಿಸುವ ಎರಡು ಇಂಚಿನ ಲಿಫ್ಟ್ ಕಿಟ್ ಮತ್ತು ದೊಡ್ಡ ಟೈರುಗಳನ್ನೂ ಹಾಕಿಸಿದೆ. ಮೊದಲ ಒಂದು ವರ್ಷ ಗಾಡಿ ಹಾರಿಕೊಂಡೇ ಹೋಗುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಈಗಿನ ತೊಂದರೆ ಎರಡು ಬಗೆಯದು. ಬೆಳಿಗ್ಗೆ ಮೊದಲ ಸೆಲ್ಫ್ ಹೊಡೆದಾಗ ಇಂಜಿನ್ ಹತ್ತಿಕೊಳ್ಳುತ್ತದೆ. ಆದರೆ ಎರಡು ಮೂರು ನಿಮಿಷ ಒಂದು ಸಿಲಿಂಡರ್ ಸತ್ತಂತೆ ಇಡೀ ಗಾಡಿ ನಡುಗುತ್ತದೆ (ಇದೇ ಮಿಸ್ಸಿಂಗ್), ಬಿಳಿ ಹೊಗೆ ಬರುತ್ತದೆ, ಬಿಸಿಯಾದ ಮೇಲೆ ಬಹುಮಟ್ಟಿಗೆ ಸರಿಹೋಗುತ್ತದೆ. ಎರಡನೆಯದು, ಮೂಟೆ ತುಂಬಿಕೊಂಡು ಶಿರಾಡಿ ಘಾಟಿಯನ್ನು ಮೂರನೇ ಗೇರಿನಲ್ಲಿ ಏರುವಾಗ 1,500ರಿಂದ 2,000 ಆರ್‌ಪಿಎಂ ನಡುವೆ ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ಕಟಕಟ ಎಂಬ ಸದ್ದು. ಪಿಕಪ್ಪಿಗೇ ಪಿಕಪ್ ಇಲ್ಲದ ಸ್ಥಿತಿ. ಚೆಕ್ ಇಂಜಿನ್ ದೀಪವೂ ಆಗಾಗ ಬಂದು ಹೋಗುತ್ತದೆ.

ಮೂರು ಗ್ಯಾರೇಜುಗಳಿಗೆ ತೋರಿಸಿದ್ದೇನೆ. ಒಬ್ಬರು ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ದಂಡದ ಕೆಳತುದಿಯ ಬೇರಿಂಗ್) ಹೋಗಿದೆ, ಇಂಜಿನ್ ಇಳಿಸಿ ಬೋರ್ ಕೆಲಸ ಮಾಡಿಸಬೇಕು, ಒಂದೂವರೆ ಲಕ್ಷ ಸಿದ್ಧವಿಟ್ಟುಕೊಳ್ಳಿ ಎಂದರು. ಇನ್ನೊಬ್ಬರು ನಾಲ್ಕೂ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಬದಲಿಸಿ ಎಂದರು. ಮೂರನೆಯವರು ಡೀಸೆಲ್ ಫಿಲ್ಟರ್ ಬದಲಿಸಿ ಕಳಿಸಿದರು. ಕಾಫಿ ಕೊಯ್ಲು ನಡೆಯುತ್ತಿರುವುದರಿಂದ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಂತಿಲ್ಲ. ಎಲ್ಲಿಂದ ಶುರು ಮಾಡಬೇಕು ಎಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಘಾಟಿ ಸವಾರ (ಬೆಂಗಳೂರು)

ನನ್ನ ಕಾರಿನಲ್ಲಿಯೂ ಏರಿನಲ್ಲಿ ಇದೇ ರೀತಿಯ ಸದ್ದು ಬರುತ್ತಿತ್ತು. ಹೆಚ್ಚಿನ ಆಕ್ಟೇನಿನ ಇಂಧನ ಹಾಕಿಸಿದ ಮೇಲೆ ನಿಂತಿತು. ನೀವೂ ಒಂದು ಬಾಟಲಿ ಆಕ್ಟೇನ್ ಬೂಸ್ಟರ್ ಹಾಕಿ ನೋಡಬಹುದು.

ಹೂಸ್ಟನ್ ಕನ್ನಡಿಗ (ಟೆಕ್ಸಸ್)

ದಯವಿಟ್ಟು ಹಾಕಬೇಡಿ. ಘಾಟಿ ಸವಾರರ ಕಾರು ಪೆಟ್ರೋಲಿನದಾಗಿದ್ದರೆ ಅವರ ಅನುಭವ ನಿಜವೇ. ಆದರೆ ಪೆಟ್ರೋಲ್ ನಾಕಿಂಗ್ ಮತ್ತು ಡೀಸೆಲ್ ನಾಕಿಂಗ್ ಎಂಬ ಎರಡು ರೋಗಗಳಿಗೆ ಹೆಸರಷ್ಟೇ ಒಂದು, ಔಷಧ ಪರಸ್ಪರ ವಿರುದ್ಧ. ನನ್ನದು ಇಲ್ಲಿ 5.3 ಲೀಟರಿನ ಪೆಟ್ರೋಲ್ ವಿ8 ಪಿಕಪ್. ಅದರಲ್ಲಿ ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ತುದಿ ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿದರೆ ನಾಕಿಂಗ್ ಆಗುತ್ತದೆ, ಆದ್ದರಿಂದ ಸುಲಭವಾಗಿ ಹೊತ್ತಿಕೊಳ್ಳದ, ಅಂದರೆ ಆಕ್ಟೇನ್ ಹೆಚ್ಚಿರುವ ಪೆಟ್ರೋಲ್ ಬೇಕು. ಇಲ್ಲಿನ ಬಂಕುಗಳಲ್ಲಿ 87 ಎಂದು ಬರೆದಿರುವುದನ್ನು ನೋಡಿ ಭಾರತದಿಂದ ಬಂದವರು ಗಾಬರಿಯಾಗುತ್ತಾರೆ. ಅಳೆಯುವ ವಿಧಾನ ಬೇರೆಯಷ್ಟೇ, ಅದು ಭಾರತದಲ್ಲಿ ಅಳೆಯುವ ವಿಧಾನದ 91ಕ್ಕೆ ಹೆಚ್ಚುಕಡಿಮೆ ಸಮ.

ಡೀಸೆಲ್ಲಿನಲ್ಲಿ ಇಂಧನ ಒಳಗೆ ಬಿದ್ದ ತಕ್ಷಣ ಹೊತ್ತಿಕೊಳ್ಳಬೇಕು. ಅಲ್ಲಿ ಎಣಿಸುವುದು ಸೀಟೇನ್ (ಬೇಗ ಹೊತ್ತಿಕೊಳ್ಳುವ ಗುಣದ ಅಂಕಿ), ಭಾರತದ ಈಗಿನ ಡೀಸೆಲ್ಲಿಗೆ ಅದು ಕನಿಷ್ಠ 51 ಇರಬೇಕು. ಹೊತ್ತಿಕೊಳ್ಳುವುದನ್ನು ತಡೆಯುವ ಆಕ್ಟೇನ್ ಬೂಸ್ಟರನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಕಟಕಟ ಇನ್ನೂ ಜೋರಾಗುತ್ತದೆ.

ಹಳೇ ಸ್ಪ್ಯಾನರ್ (ಹುಬ್ಬಳ್ಳಿ)

ಹೂಸ್ಟನ್ನಿನವರು ಹೇಳಿದ್ದು ಸರಿ. ಹಂಡೆ ಒಲೆ ಉರಿಸಿದವರಿಗೆ ಇದು ಗೊತ್ತಿರುವ ಸಂಗತಿ: ಕೆಂಡದ ಮೇಲೆ ಸೀಮೆಎಣ್ಣೆ ತೊಟ್ಟಿಕ್ಕಿದ ಕೂಡಲೇ ಹತ್ತಿಕೊಂಡರೆ ಬರೀ ಜ್ವಾಲೆ, ಎಣ್ಣೆ ಬಿದ್ದು, ಹೊತ್ತಿಕೊಳ್ಳದೆ, ಆವಿಯಾಗಿ ನಿಂತು ಆಮೇಲೆ ಹತ್ತಿಕೊಂಡರೆ ಭಗ್ ಎಂದು ಹುಬ್ಬು ಸುಡುತ್ತದೆ. ಡೀಸೆಲ್ ನಾಕಿಂಗ್ ಎಂದರೆ ಆ ಭಗ್. ಇಂಧನ ಬೀಳುವುದಕ್ಕೂ ಹೊತ್ತುವುದಕ್ಕೂ ನಡುವಿನ ಹೊತ್ತಿನಲ್ಲಿ ಎಷ್ಟು ಹೆಚ್ಚು ಡೀಸೆಲ್ ಒಳಗೆ ಸೇರುತ್ತದೆಯೋ ಹೊಡೆತ ಅಷ್ಟು ಬಲವಾಗಿರುತ್ತದೆ. ಕಾಮನ್ ರೈಲ್ ಇಂಜಿನ್ ಹಳೆಯ ಪಂಪಿನ ಇಂಜಿನ್ನಿಗಿಂತ ಮೆತ್ತಗೆ ಓಡುವುದಕ್ಕೆ ಕಾರಣವೂ ಇದೇ. ಮುಖ್ಯ ಸಿಂಪರಣೆಗೆ ಮೊದಲು ಒಂದೆರಡು ಮಿಲಿಗ್ರಾಂನಷ್ಟು ಡೀಸೆಲ್ ಬಿಟ್ಟು ಒಲೆ ಹೊತ್ತಿಸಿಟ್ಟುಕೊಳ್ಳುತ್ತದೆ.

ತೋಟದವರೇ, ನಾನು ಡೀಸೆಲ್ ಪಂಪು ಮತ್ತು ನಾಜಲ್ (ಇಂಜೆಕ್ಟರಿನ ಸಿಂಪಡಿಸುವ ಮೂತಿ) ಕೆಲಸದಲ್ಲಿ 30 ವರ್ಷ ಕಳೆದವನು. ನಿಮ್ಮ ಬರಹದಲ್ಲಿ ಎರಡು ಬೇರೆ ಬೇರೆ ರೋಗಗಳು ಕಾಣುತ್ತಿವೆ. ಎರಡಕ್ಕೂ ಒಂದೇ ಕಾರಣ ಹುಡುಕಲು ಹೋದದ್ದರಿಂದಲೇ ಮೂವರು ಮೂರು ಮಾತು ಹೇಳಿದ್ದಾರೆ ಎಂದು ನನಗನ್ನಿಸುತ್ತದೆ. ಯಾವ ಭಾಗವನ್ನೂ ಕೊಳ್ಳುವ ಮೊದಲು ಟ್ಯೂನಿಂಗ್ ಬಾಕ್ಸನ್ನು ಬಿಚ್ಚಿಡಿ. ಅದೇ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಅದು ಇರುವವರೆಗೆ ಯಾವ ಅಳತೆಯನ್ನೂ ನಂಬಲಾಗುವುದಿಲ್ಲ. ಇಂಥ ಬಾಕ್ಸುಗಳಲ್ಲಿ ಹೆಚ್ಚಿನವು ರೈಲಿನ ಒತ್ತಡ ಅಳೆಯುವ ಸೆನ್ಸರಿನ ಸಂಕೇತವನ್ನು ಕಡಿಮೆ ಮಾಡಿ ಇಸಿಯುಗೆ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ತೋರಿಸುತ್ತವೆ. ಒತ್ತಡ ಸಾಲದು ಎಂದುಕೊಂಡ ಇಸಿಯು ಪಂಪಿನಿಂದ ಇನ್ನಷ್ಟು ಎಳೆಯುತ್ತದೆ. ನಿಜವಾದ ಒತ್ತಡ 1,600 ಬಾರ್ ದಾಟಿದ್ದರೂ ಸ್ಕ್ಯಾನರಿನಲ್ಲಿ 1,400 ಎಂದೇ ಕಾಣಬಹುದು, ಏಕೆಂದರೆ ಸ್ಕ್ಯಾನರ್ ಓದುವುದು ಇಸಿಯು ನಂಬಿರುವ ಸಂಖ್ಯೆಯನ್ನು.

ಬಿಚ್ಚಿದ ಮೇಲೆ ಮೂರು ವಿಷಯ ತಿಳಿಸಿ. ಇಂಜಿನ್ ಆಯಿಲ್ ಮಟ್ಟ ಏರಿದೆಯೇ, ಆಯಿಲ್ಲಿಗೆ ಡೀಸೆಲ್ ವಾಸನೆ ಇದೆಯೇ? ಡೀಸೆಲ್ ಎಲ್ಲಿಂದ ಹಾಕುತ್ತೀರಿ? ಇಂಜೆಕ್ಟರುಗಳನ್ನು ಈ ಹಿಂದೆ ಯಾರಾದರೂ ಬಿಚ್ಚಿದ್ದರೇ?

ತೋಟದ ಪಿಕಪ್ (ಸಕಲೇಶಪುರ)

ಹುಬ್ಬಳ್ಳಿಯವರಿಗೆ ಧನ್ಯವಾದ. ಬಾಕ್ಸ್ ಬಿಚ್ಚಿ ನಾಲ್ಕು ದಿನ ಓಡಿಸಿದೆ. ಘಾಟಿಯ ಸದ್ದು ಅರ್ಧಕ್ಕಿಂತ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬೆಳಗಿನ ಮಿಸ್ಸಿಂಗ್‌ನಲ್ಲಿ ಏನೂ ವ್ಯತ್ಯಾಸವಿಲ್ಲ. ತಾವು ಹೇಳಿದಂತೆ ಸ್ಕ್ಯಾನರಿನಲ್ಲಿ ರೈಲ್ ಒತ್ತಡ ಬಾಕ್ಸ್ ಇದ್ದಾಗಲೂ ಇಲ್ಲದಾಗಲೂ ಒಂದೇ ತೋರಿಸಿತು. ಗಾಡಿ ಎಳೆಯುವ ಬಗೆಯಲ್ಲಿ ಅಷ್ಟು ಅಂತರವಿದ್ದರೂ ಸಂಖ್ಯೆ ಕದಲದಿದ್ದುದನ್ನು ಕಂಡು ಆಶ್ಚರ್ಯವಾಯಿತು.

ಆಯಿಲ್ ಗೇಜಿನ ಮೇಲಿನ ಗೆರೆಯಿಂದ ಸುಮಾರು ಅರ್ಧ ಸೆಂಟಿಮೀಟರ್ ಮೇಲಿದೆ, ತೆಳ್ಳಗಾಗಿದೆ, ಮೂಗಿಗೆ ಡೀಸೆಲ್ ವಾಸನೆ ಬರುತ್ತದೆ. ಬಂಕ್ ತೋಟದಿಂದ 22 ಕಿಲೋಮೀಟರ್ ದೂರವಿರುವುದರಿಂದ ಬ್ಯಾರೆಲ್ಲಿನಲ್ಲಿ ಡೀಸೆಲ್ ತಂದಿಟ್ಟು ಕೈಪಂಪಿನಿಂದ ಹಾಕುತ್ತೇವೆ. ಬ್ಯಾರೆಲ್ ಶೆಡ್ಡಿನಲ್ಲಿದೆ, ಆದರೆ ಮಳೆಗಾಲದಲ್ಲಿ ಇಲ್ಲಿ ಗೋಡೆಯೇ ಬೆವರುತ್ತದೆ. ಎಂಟು ತಿಂಗಳ ಹಿಂದೆ ಸರ್ವಿಸ್ ಮಾಡಿದವರು ನಾಲ್ಕೂ ಇಂಜೆಕ್ಟರ್ ಬಿಚ್ಚಿ, ತೊಳೆದು ಹಾಕಿದ್ದರು.

ಹಳೇ ಸ್ಪ್ಯಾನರ್ (ಹುಬ್ಬಳ್ಳಿ)

ಆ ಆಯಿಲ್ಲಿನಲ್ಲಿ ಇನ್ನು ಭಾರ ಹೊರಿಸಬೇಡಿ. ಡೀಸೆಲ್ ಬೆರೆತು ತೆಳುವಾದ ಆಯಿಲ್ ಬೇರಿಂಗನ್ನು ಕಾಪಾಡುವುದಿಲ್ಲ, ಮೊದಲ ಗ್ಯಾರೇಜಿನವರ ಸುಳ್ಳು ಭವಿಷ್ಯ ನಿಜವಾಗಿಬಿಡುತ್ತದೆ. ಬದಲಿಸುವಾಗ ಇಳಿಸಿದ ಆಯಿಲ್ಲನ್ನು ಬಿಳಿ ಟ್ರೇನಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿ, ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದವನ್ನು ಬಿಡಿಸಿ ನೋಡಿ. ಬೇರಿಂಗ್ ಹೋಗಿದ್ದರೆ ಹೊಳೆಯುವ ಚೂರು ಕಾಣಲೇಬೇಕು. ಬೇರಿಂಗಿನ ಲೋಹ ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ಅಯಸ್ಕಾಂತವೊಂದನ್ನೇ ನಂಬಿ ಸುಮ್ಮನಾಗಬೇಡಿ.

ಇನ್ನು ಸದ್ದಿನ ಪರೀಕ್ಷೆ. ಸ್ಕ್ಯಾನರಿನ ಮೂಲಕ ಒಂದೊಂದೇ ಸಿಲಿಂಡರಿಗೆ ಡೀಸೆಲ್ ನಿಲ್ಲಿಸಿ ಸದ್ದು ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು ವಾಡಿಕೆ. ಅದು ಸಿಲಿಂಡರ್ ಯಾವುದು ಎಂದು ಹೇಳುತ್ತದೆಯೇ ಹೊರತು ರೋಗ ಯಾವುದು ಎಂದು ಹೇಳುವುದಿಲ್ಲ, ಏಕೆಂದರೆ ಡೀಸೆಲ್ ನಿಂತರೆ ಪಿಸ್ಟನ್ ಮೇಲಿನ ಹೊಡೆತವೇ ನಿಂತು ಸವೆದ ಬೇರಿಂಗಿನ ಸದ್ದೂ ತಗ್ಗುತ್ತದೆ. ಎರಡನ್ನೂ ಬೇರೆ ಮಾಡಲು ನಿಮ್ಮ ಘಾಟಿಯೇ ಒಳ್ಳೆಯ ಸಾಧನ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದು, 2,000 ಆರ್‌ಪಿಎಂ ಆಸುಪಾಸಿನಲ್ಲಿ ಇಳಿಜಾರು ಇಳಿಯಿರಿ. ಆಗ ಇಸಿಯು ಡೀಸೆಲ್ ಬಿಡುವುದನ್ನೇ ನಿಲ್ಲಿಸಿರುತ್ತದೆ. ಉರಿಯೇ ಇಲ್ಲದಾಗ ಸದ್ದು ಪೂರ್ತಿ ಮಾಯವಾದರೆ ಅದು ಬಹುಪಾಲು ಉರಿಯ ಸದ್ದು. ಉರಿಯಿಲ್ಲದಾಗಲೂ, ಕಾಲು ಎತ್ತುವ ಇಡುವ ಸಂಧಿಯಲ್ಲೂ ಡುಗುಡುಗು ಎಂದರೆ ಮಾತ್ರ ಬೇರಿಂಗಿನ ಬಗ್ಗೆ ಯೋಚಿಸೋಣ.

ಒಂದು ಎಚ್ಚರಿಕೆ. ಹಳೆಯ ಪಂಪಿನ ಗಾಡಿಗಳಲ್ಲಿ ಮಿಸ್ಸಿಂಗ್ ಹುಡುಕಲು ನಾವು ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸುತ್ತಿದ್ದೆವು. ಕಾಮನ್ ರೈಲಿನಲ್ಲಿ ಇಂಜಿನ್ ಓಡುವಾಗ ಹಾಗೆ ಮಾಡಲೇಬಾರದು. ಐಡಲಿನಲ್ಲೇ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ) 300 ಬಾರ್ ಆಸುಪಾಸು ಒತ್ತಡವಿರುತ್ತದೆ, ಸೂಜಿಯಷ್ಟು ಸಣ್ಣ ಧಾರೆ ಕೈಯ ಚರ್ಮ ತೂರಿ ಒಳಹೊಕ್ಕರೆ ಬೆರಳು ಉಳಿಯುವುದು ಕಷ್ಟ. ಸ್ಕ್ಯಾನರ್ ಸಿಗದಿದ್ದರೆ ಇಂಜಿನ್ ನಿಲ್ಲಿಸಿ, ಒಂದು ಇಂಜೆಕ್ಟರಿನ ಕನೆಕ್ಟರ್ ತೆಗೆದು, ಮತ್ತೆ ಸ್ಟಾರ್ಟ್ ಮಾಡಿ ನೋಡಬೇಕು.

ಕರಾವಳಿ ಗೇರ್ (ಮಂಗಳೂರು)

ಚೆಕ್ ಇಂಜಿನ್ ದೀಪದ ಕೋಡ್ ಯಾವುದು ಎಂದು ಯಾರೂ ಕೇಳಲಿಲ್ಲ. ಪಿ0401 ಬರುತ್ತಿದ್ದರೆ ಅದು ಇಜಿಆರ್ ಹರಿವು ಸಾಲದು ಎಂಬ ಸೂಚನೆ, ಅಂದರೆ ನೀವೇ ಹಾಕಿಸಿದ ತಗಡಿನ ಫಲ. ಅದನ್ನು ಹಿಡಿದುಕೊಂಡು ಮಿಸ್ಸಿಂಗ್ ಹುಡುಕಿದರೆ ದಾರಿ ತಪ್ಪುತ್ತದೆ. ಇನ್ನೊಂದು ಮಾತು: ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಆಧರಿಸಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಪಘಾತವಾದ ದಿನ ವಿಮೆಯವರು ಟೈರಿನ ಅಳತೆಯನ್ನೂ ನೋಡುತ್ತಾರೆ. ಬುದ್ಧಿವಾದ ಹೇಳಿದೆ ಎಂದು ಬೇಸರಿಸಬೇಡಿ.

ತೋಟದ ಪಿಕಪ್ (ಸಕಲೇಶಪುರ)

ಬೇಸರವೇನಿಲ್ಲ, ಕೋಡ್ ಪಿ0401 ಒಂದೇ ಇತ್ತು. ತಗಡು ತೆಗೆಸಿದೆ, ದೀಪ ಆರಿದೆ.

ಆಯಿಲ್ ಬದಲಿಸಿದೆ, ಹಳೆಯದರಲ್ಲಿ ಹೊಳಪೇನೂ ಕಾಣಲಿಲ್ಲ, ಫಿಲ್ಟರಿನ ಕಾಗದವೂ ಶುಭ್ರವಾಗಿತ್ತು. ನಿನ್ನೆ ಗುಂಡ್ಯದ ಕಡೆಗೆ ಇಳಿಯುವಾಗ ಕಿಟಕಿ ಇಳಿಸಿ, ಪಕ್ಕದಲ್ಲಿ ತಮ್ಮನನ್ನು ಕೂರಿಸಿಕೊಂಡು ಕೇಳಿಸಿಕೊಂಡೆವು. ಕಾಲು ತೆಗೆದ ಕ್ಷಣದಿಂದ ಇಂಜಿನ್ನಿನಲ್ಲಿ ಟೈರಿನ ಸದ್ದಿಗಿಂತ ಹೆಚ್ಚಿನದೇನೂ ಇರಲಿಲ್ಲ, ಆಕ್ಸಿಲರೇಟರ್ ಒತ್ತಿದ ತಕ್ಷಣ ಕಟಕಟ ಮರಳಿತು.

ಹಾಸನದಲ್ಲಿ ಸ್ಕ್ಯಾನರ್ ಇರುವವರ ಬಳಿ ಹೋಗಿದ್ದೆ. ಮೂರನೇ ಸಿಲಿಂಡರ್ ನಿಲ್ಲಿಸಿದಾಗ ಸದ್ದು ನಿಂತಿತು. ಒಂದು ಮತ್ತು ನಾಲ್ಕನ್ನು ನಿಲ್ಲಿಸಿದಾಗ ಇಂಜಿನ್ ಜಗ್ಗಿತು. ತಣ್ಣಗಿರುವಾಗ ಎರಡನೆಯದನ್ನು ನಿಲ್ಲಿಸಿದರೆ ಹೆಚ್ಚೇನೂ ಬದಲಾಗಲಿಲ್ಲ. ಐಡಲಿನಲ್ಲಿ ಇಸಿಯು ಪ್ರತಿ ಸಿಲಿಂಡರಿಗೆ ಕೊಡುತ್ತಿರುವ ಡೀಸೆಲ್ ತಿದ್ದುಪಡಿ ಹೀಗಿದೆ: ಒಂದಕ್ಕೆ 0.3 ಕಡಿಮೆ, ಎರಡಕ್ಕೆ 4.1 ಹೆಚ್ಚು, ಮೂರಕ್ಕೆ 3.4 ಕಡಿಮೆ, ನಾಲ್ಕಕ್ಕೆ 0.4 ಕಡಿಮೆ. ಅಳತೆ ಘನ ಮಿಲಿಮೀಟರಿನಲ್ಲಿ. ಇಂಜೆಕ್ಟರಿನಲ್ಲಿ ಮಿಕ್ಕ ಡೀಸೆಲ್ ಮರಳುವ ರಿಟರ್ನ್ ಪೈಪುಗಳಿಗೆ ನಾಲ್ಕು ನೀರಿನ ಬಾಟಲಿ ಕಟ್ಟಿ ನೋಡಿದೆವು, ನಾಲ್ಕರಲ್ಲೂ ಸರಿಸುಮಾರು ಒಂದೇ ಮಟ್ಟ ನಿಂತಿತು. ರಿಟರ್ನ್ ಸರಿಯಿದೆ, ಆದ್ದರಿಂದ ಇಂಜೆಕ್ಟರುಗಳಲ್ಲಿ ದೋಷವಿಲ್ಲ ಎಂದು ಅಲ್ಲಿನವರ ಅಭಿಪ್ರಾಯ.

ಹಳೇ ಸ್ಪ್ಯಾನರ್ (ಹುಬ್ಬಳ್ಳಿ)

ಎಷ್ಟು ಚೆನ್ನಾಗಿ ಬರೆದಿದ್ದೀರಿ! ಇಷ್ಟು ವಿವರ ಕೊಡುವ ಗಿರಾಕಿ ಹತ್ತು ವರ್ಷಕ್ಕೊಬ್ಬರು ಸಿಗುತ್ತಾರೆ.

ಮೂರಕ್ಕೆ ಇಸಿಯು ಡೀಸೆಲ್ ಕಡಿತಗೊಳಿಸುತ್ತಿದೆ ಎಂದರೆ ಆ ಸಿಲಿಂಡರ್ ಕೊಟ್ಟದ್ದಕ್ಕಿಂತ ಹೆಚ್ಚು ಕುಡಿಯುತ್ತಿದೆ. ರಿಟರ್ನ್ ಪರೀಕ್ಷೆಯ ಬಗ್ಗೆ ಹಾಸನದವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆ ಪರೀಕ್ಷೆ ಹಿಡಿಯುವುದು ಇಂಜೆಕ್ಟರಿನ ಒಳಗಿನ ಕಂಟ್ರೋಲ್ ವಾಲ್ವಿನ ಸೋರಿಕೆಯನ್ನು. ನಾಜಲ್ಲಿನ ತುದಿ ಸವೆದು ಸಿಲಿಂಡರಿನೊಳಗೆ ತೊಟ್ಟಿಕ್ಕುತ್ತಿದ್ದರೆ ಬಾಟಲಿಗೆ ಅದು ಹೇಗೆ ತಿಳಿಯಬೇಕು? ಆಯಿಲ್ಲಿಗೆ ಡೀಸೆಲ್ ಇಳಿದದ್ದು, ಬಾಕ್ಸ್ ಇದ್ದಾಗ ಹೊಡೆತ ಜೋರಾಗಿದ್ದದ್ದು, ಎಲ್ಲವೂ ಮೂರನೇ ನಾಜಲ್ಲಿನತ್ತ ಬೆರಳು ತೋರಿಸುತ್ತಿವೆ. ಇದನ್ನು ತಡಮಾಡಬೇಡಿ. ಹೀಗೆ ತೊಟ್ಟಿಕ್ಕುವ ನಾಜಲ್ ಪಿಸ್ಟನ್ನಿನ ತಲೆಯಲ್ಲಿ ತೂತು ಸುಟ್ಟದ್ದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ.

ಎರಡನೆಯದರ ಕಥೆ ತಿರುಗುಮುರುಗು. ಹೆಚ್ಚು ಡೀಸೆಲ್ ಕೊಟ್ಟರೂ ಅದು ಕೆಲಸ ಮಾಡುತ್ತಿಲ್ಲ, ಬಿಸಿಯಾದ ಮೇಲೆ ಚೇತರಿಸಿಕೊಳ್ಳುತ್ತದೆ, ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೋಗುತ್ತದೆ. ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಅದುಮಿದಾಗಿನ ಒತ್ತಡ) ಇಲ್ಲ, ಇಲ್ಲವೇ ತಣ್ಣನೆಯ ಸಿಲಿಂಡರನ್ನು ಕಾಯಿಸುವ ಹೀಟರ್ ಪ್ಲಗ್ ಸತ್ತಿದೆ. ಹೀಟರ್ ಪ್ಲಗ್ ಹೇಗೂ ಬಿಚ್ಚಬೇಕಾದ್ದರಿಂದ ಅದನ್ನು ಪರೀಕ್ಷಿಸಿ ಅದೇ ತೂತಿನಲ್ಲಿ ಕಂಪ್ರೆಷನ್ ಗೇಜ್ ಇಡಿಸಿ. ಇಂಜೆಕ್ಟರುಗಳನ್ನು ಆಗಲೇ ಕದಲಿಸಬೇಡಿ. ಅವು ಕುಳಿತಿರುವ ಸ್ಥಿತಿಯಲ್ಲಿಯೇ ಅಳತೆ ಬೇಕು. ಎಂಟು ತಿಂಗಳ ಹಿಂದೆ ಬಿಚ್ಚಿದವರು ಇಂಜೆಕ್ಟರಿನ ಬುಡದಲ್ಲಿ ಅನಿಲ ಸೋರದಂತೆ ತಡೆಯುವ ತಾಮ್ರದ ವಾಷರ್ ಹೊಸದು ಹಾಕಿದ್ದರೇ ಎಂಬುದು ನನ್ನ ಅನುಮಾನ. ಎರಡನೇ ಇಂಜೆಕ್ಟರಿನ ಬುಡಕ್ಕೆ ಟಾರ್ಚ್ ಬಿಟ್ಟು ನೋಡಿ.

ತೋಟದ ಪಿಕಪ್ (ಸಕಲೇಶಪುರ)

ಟಾರ್ಚ್ ಬಿಟ್ಟೆ. ಉಳಿದ ಮೂರು ಇಂಜೆಕ್ಟರುಗಳ ಬುಡದಲ್ಲಿ ಧೂಳಿದೆ, ಎರಡನೆಯದರ ಬುಡದಲ್ಲಿ ಡಾಂಬರು. ಗಟ್ಟಿಯಾಗಿ, ಕರ್ರಗೆ, ಹಲಸಿನ ಅಂಟು ಒಣಗಿದ ಹಾಗೆ ಹಿಡಿದುಕೊಂಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಸುತ್ತಲೂ ಸೋಪಿನ ನೀರು ಬಿಟ್ಟೆ. ಸೆಲ್ಫ್ ಹೊಡೆದ ಕೂಡಲೇ ಚುಫ್ ಚುಫ್ ಎಂದು ಗುಳ್ಳೆ ಎದ್ದಿತು. ಇಂಜಿನ್ ಬಿಸಿಯಾಗುತ್ತ ಹೋದಂತೆ ಗುಳ್ಳೆ ಸಣ್ಣದಾಗುವುದೂ ಕಣ್ಣಿಗೆ ಕಂಡಿತು.

ಕಂಪ್ರೆಷನ್ ಒಂದರಲ್ಲಿ 27, ಎರಡರಲ್ಲಿ 19, ಮೂರರಲ್ಲಿ 26, ನಾಲ್ಕರಲ್ಲಿ 27 ಬಾರ್. ಹೀಟರ್ ಪ್ಲಗ್ಗುಗಳು ನಾಲ್ಕೂ ಸರಿಯಿವೆ. ಗ್ಯಾರೇಜಿನ ಹುಡುಗ 19 ನೋಡಿ ಪಿಸ್ಟನ್ ರಿಂಗ್ ಹೋಗಿದೆ ಎಂದ. ಆಯಿಲ್ ಹಾಕುವ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಷನ್ (ರಿಂಗ್ ದಾಟಿ ಕೆಳಗೆ ಸೋರಿ ಬರುವ ಗಾಳಿ) ನೋಡಿದರೆ ಹಬೆಯೇನೂ ಇಲ್ಲ.

ಹಳೇ ಸ್ಪ್ಯಾನರ್ (ಹುಬ್ಬಳ್ಳಿ)

ಹುಡುಗನಿಗೆ ಒಂದು ಕಾಫಿ ಕುಡಿಸಿ ಸುಮ್ಮನಿರಲು ಹೇಳಿ. ರಿಂಗ್ ಹೋಗಿದ್ದರೆ ಗಾಳಿ ಕೆಳಗೆ ಹೋಗಬೇಕಿತ್ತು, ನಿಮ್ಮದು ಮೇಲೆ ಹೋಗುತ್ತಿದೆ. ವಾಷರ್ ಹೊಸದು ಹಾಕಿ ಮತ್ತೊಮ್ಮೆ ಅಳೆದು ಆಮೇಲೆ ಮಾತಾಡೋಣ. ಹಾಕುವವರು ಇಂಜೆಕ್ಟರ್ ಕೂರುವ ಸೀಟನ್ನು ಕಟರಿನಿಂದ ಶುಚಿ ಮಾಡಲಿ, ಇಂಗಾಲ ಒಳಗೆ ಬೀಳದಂತೆ ಕೆಳಗಿನ ತೂತಿಗೆ ಗ್ರೀಸ್ ಬಡಿದ ಬಟ್ಟೆಯ ಬೆಣೆ ಕೊಡಲಿ, ಕ್ಲ್ಯಾಂಪಿನ ಬೋಲ್ಟನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಲಿ. ಬಿಚ್ಚಿದಾಗ ಹಳೆಯ ವಾಷರನ್ನು ಬಿಸಾಡಬೇಡಿ, ಚಿತ್ರ ಹಾಕಿ. ಮೂರನೆಯದನ್ನು ಪರೀಕ್ಷಾ ಬೆಂಚಿಗೆ ಕಳಿಸಿ. ನಾಲ್ಕನ್ನೂ ಬದಲಿಸುವ ಅಗತ್ಯ ನನಗೆ ಕಾಣುತ್ತಿಲ್ಲ.

ಹೂಸ್ಟನ್ ಕನ್ನಡಿಗ (ಟೆಕ್ಸಸ್)

ಹೊಸ ಇಂಜೆಕ್ಟರ್ ಹಾಕಿಸಿದರೆ ಅದರ ಮೈಮೇಲಿನ ಕೋಡನ್ನು ಇಸಿಯುಗೆ ಬರೆಸುವುದನ್ನು ಮರೆಯಬೇಡಿ. ಒಂದೊಂದು ಇಂಜೆಕ್ಟರೂ ತಯಾರಾಗುವಾಗ ಕೂದಲೆಳೆಯಷ್ಟು ಬೇರೆಯಾಗಿರುತ್ತದೆ, ಆ ವ್ಯತ್ಯಾಸವನ್ನು ಸರಿದೂಗಿಸಲೆಂದೇ ಆ ಕೋಡ್ ಇರುವುದು. ನಮ್ಮ ಪೆಟ್ರೋಲ್ ಗಾಡಿಗಳಲ್ಲಿ ಮಿಸ್ಸಿಂಗ್ ಹುಡುಕುವುದು ಇದಕ್ಕಿಂತ ಸುಲಭ. ಮೂರನೇ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಐದಕ್ಕೆ ಹಾಕಿದಾಗ ಕೋಡ್ ಪಿ0303ರಿಂದ (ಮೂರನೇ ಸಿಲಿಂಡರಿನ ಮಿಸ್ಸಿಂಗ್) ಪಿ0305ಕ್ಕೆ (ಐದನೆಯದರ ಮಿಸ್ಸಿಂಗ್) ಓಡಿದರೆ ಕಾಯಿಲೇ ಕಳ್ಳ.

ತೋಟದ ಪಿಕಪ್ (ಸಕಲೇಶಪುರ)

ಕೆಲಸ ಮುಗಿಯಿತು. ಎರಡನೆಯದರ ವಾಷರ್ ಬಿಚ್ಚಿದಾಗ ಅದರ ಒಂದು ಬದಿಯಲ್ಲಿ ಹಳೆಯ ಗುರುತಿನ ಮೇಲೆ ಹೊಸ ಗುರುತು ಓರೆಯಾಗಿ ಬಿದ್ದಿತ್ತು, ಅಂದರೆ ಹಳೆಯದನ್ನೇ ತಿರುಗಿ ಹಾಕಿದ್ದರು. ಅಂಚಿನಲ್ಲಿ ಉಗುರಿನಷ್ಟು ಅಗಲಕ್ಕೆ ಅನಿಲ ಕೊರೆದ ಕಪ್ಪು ಕಾಲುವೆ. ಸೀಟು ಶುಚಿ ಮಾಡಿ ಹೊಸದು ಹಾಕಿದ ಮೇಲೆ ಕಂಪ್ರೆಷನ್ 19ರಿಂದ 26ಕ್ಕೆ ಏರಿತು. ಬೋರ್ ಕೆಲಸದ ಮಾತು ಅಲ್ಲಿಗೆ ಮುಗಿಯಿತು.

ಮೂರನೆಯದನ್ನು ಬೆಂಚಿನ ಮೇಲೆ ನಾನೇ ನಿಂತು ನೋಡಿದೆ. ಸಿಂಪರಣೆ ನಿಂತ ಮೇಲೂ ತುದಿಯಲ್ಲಿ ಒಂದು ಹನಿ ಕೂಡಿಕೊಳ್ಳುತ್ತಿತ್ತು, ಉಳಿದ ತೂತುಗಳಿಂದ ಮಂಜಿನಂತೆ ಬಂದರೆ ಒಂದರಿಂದ ದಾರದಂತೆ ಧಾರೆ ಬರುತ್ತಿತ್ತು. ನಾಜಲ್ಲಿನೊಳಗಿನ ಸೂಜಿಯ ಮೇಲೆ ತುಕ್ಕಿನ ಕಲೆಗಳಿದ್ದವು. ಬೆಂಚಿನವರು ಇದು ನೀರಿನ ಕೆಲಸ ಎಂದರು. ಬ್ಯಾರೆಲ್ಲಿನ ತಳವನ್ನು ಗಾಜಿನ ಜಾಡಿಗೆ ಬಗ್ಗಿಸಿದಾಗ ಕೆಳಗೆ ಎರಡು ಬೆರಳು ನೀರು ನಿಂತಿತು. ನಾಚಿಕೆಯಾಯಿತು.

ಹೊಸ ಇಂಜೆಕ್ಟರ್ ಹಾಕಿದ ಮೊದಲ ದಿನ ಕೋಡ್ ಬರೆಯದೆ ಕಳಿಸಿದ್ದರು, ಐಡಲಿನಲ್ಲಿ ಸಣ್ಣ ಒರಟು ಉಳಿದಿತ್ತು. ಮರುದಿನ ಹೋಗಿ ಬರೆಸಿದ ಮೇಲೆ ಹೋಯಿತು. ಒಟ್ಟು ಖರ್ಚು 31,000 ರೂಪಾಯಿ. ಆದರೆ ಘಾಟಿಯಲ್ಲಿ ಪೂರ್ತಿ ಲೋಡು ಇದ್ದಾಗ ಮಾತ್ರ ಇನ್ನೂ ಒಂದು ಕಟಕಟ ಇದೆ, ಮೊದಲಿನದಕ್ಕಿಂತ ಬೇರೆ, ತಗಡಿನ ಸದ್ದು.

ಕರಾವಳಿ ಗೇರ್ (ಮಂಗಳೂರು)

ಲಿಫ್ಟ್ ಕಿಟ್ ಮತ್ತು ಮೂರು ಇಂಚಿನ ಪೈಪು ಎರಡೂ ಇರುವ ಗಾಡಿಯಲ್ಲಿ ನಾನು ಮೊದಲು ನೋಡುವುದು ಸೈಲೆನ್ಸರ್ ಪೈಪು ಗೇರ್‌ಬಾಕ್ಸ್ ಕೆಳಗಿನ ಅಡ್ಡಪಟ್ಟಿಗೆ ತಾಗುತ್ತಿದೆಯೇ ಎಂಬುದನ್ನು. ಎಳೆಯುವಾಗ ಇಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಒಂದು ಬದಿಗೆ ವಾಲುತ್ತದೆ. ನಿಂತಾಗ ಬೆರಳು ತೂರುವ ಜಾಗ ಆಗ ಇರುವುದಿಲ್ಲ. ಕಾಲು ತೆಗೆದಾಗ ಪೈಪು ಬಿಟ್ಟುಕೊಳ್ಳುವುದರಿಂದ ಹುಬ್ಬಳ್ಳಿಯವರ ಇಳಿಜಾರಿನ ಪರೀಕ್ಷೆಯಲ್ಲೂ ಇದು ಉರಿಯ ಸದ್ದಿನಂತೆಯೇ ನಟಿಸುತ್ತದೆ. ಪಟ್ಟಿಗೆ ಸುಣ್ಣ ಬಳಿದು ಒಂದು ಸಲ ಘಾಟಿ ಏರಿ ಬನ್ನಿ.

ತೋಟದ ಪಿಕಪ್ (ಸಕಲೇಶಪುರ)

ಸುಣ್ಣ ಬಳಿದು ಹೋಗಿ ಬಂದೆ. ಪೈಪಿನ ಮೇಲೆ ಎರಡು ಬೆರಳಗಲ ಬಿಳಿ ಪಟ್ಟೆ, ಪಟ್ಟಿಯ ಮೇಲೆ ಉಜ್ಜಿ ಹೊಳೆಯುವ ಕಬ್ಬಿಣ. ಹಳೆಯ ಪೈಪನ್ನೇ ಮರಳಿ ಹಾಕಿಸಿದೆ, ಸದ್ದು ನಿಂತಿತು. ಲಿಫ್ಟ್ ಕಿಟ್ ಮತ್ತು ಟೈರು ಕೊಯ್ಲು ಮುಗಿದ ಮೇಲೆ ತೆಗೆಸುತ್ತೇನೆ. ಬ್ಯಾರೆಲ್ಲಿಗೆ ನೀರು ಬೇರ್ಪಡಿಸುವ ಫಿಲ್ಟರ್ ಕೂರಿಸಿದ್ದೇನೆ. ಟ್ಯೂನಿಂಗ್ ಬಾಕ್ಸನ್ನು ಮತ್ತೆ ಹಾಕಬಹುದೇ ಎಂದು ತಮ್ಮ ಕೇಳುತ್ತಿದ್ದಾನೆ.

ಹಳೇ ಸ್ಪ್ಯಾನರ್ (ಹುಬ್ಬಳ್ಳಿ)

ತಮ್ಮನಿಗೆ ಬೇಡ ಎಂದು ಹೇಳಿ. ನಾಜಲ್ ಕೆಡಿಸಿದ್ದು ನೀರು, ಬಾಕ್ಸ್ ಅಲ್ಲ, ಅದು ನಿಜ. ಆದರೆ ಮುಂದಿನ ಸಲ ಏನಾದರೂ ಕೆಟ್ಟರೆ ನಿಮ್ಮ ಸ್ಕ್ಯಾನರ್ ಮತ್ತೆ ಕುರುಡಾಗಿರುತ್ತದೆ. 1,000 ಕಿಲೋಮೀಟರ್ ಓಡಿದ ಮೇಲೆ ಆಯಿಲ್ ಮಟ್ಟ ಮತ್ತು ನಾಲ್ಕು ಸಿಲಿಂಡರುಗಳ ತಿದ್ದುಪಡಿ ಮತ್ತೊಮ್ಮೆ ಓದಿಸಿ ಇಲ್ಲಿ ಬರೆಯಿರಿ.

ತೋಟದ ಪಿಕಪ್ (ಸಕಲೇಶಪುರ)

1,060 ಕಿಲೋಮೀಟರ್ ಆಯಿತು. ಆಯಿಲ್ ಗೆರೆಯಿಂದ ಕದಲಿಲ್ಲ, ಡೀಸೆಲ್ ವಾಸನೆಯಿಲ್ಲ. ತಿದ್ದುಪಡಿ: ಒಂದಕ್ಕೆ 0.2 ಕಡಿಮೆ, ಎರಡಕ್ಕೆ 0.5 ಹೆಚ್ಚು, ಮೂರಕ್ಕೆ 0.1 ಕಡಿಮೆ, ನಾಲ್ಕಕ್ಕೆ 0.2 ಕಡಿಮೆ. ಇಂದು ಬೆಳಿಗ್ಗೆ ಇಲ್ಲಿ 13 ಡಿಗ್ರಿ ಇತ್ತು, ಮೊದಲ ಸೆಲ್ಫಿಗೇ ಹೊಗೆಯಿಲ್ಲದೆ ಹತ್ತಿಕೊಂಡಿತು.